ಪಾರ್ಲರ್ ಅಕ್ಕ ಬ್ಲೇಡು ಹಿಡಿದ ಮಳೆಗಾಲ

ಮೊನ್ನೆ ಉಪ್ಪುಂದದ ಮೀನು ಮಾರ್ಕೆಟ್ಟಿನಲ್ಲಿ ಕೂತಿದ್ದೆ. ಪಕ್ಕದ ಕೋಳಿ ಅಂಗಡಿಯವನು ಪುಕ್ಕ ಕಿತ್ತ ಊರ ಕೋಳಿಯೊಂದನ್ನು ಬೆಂಕಿಗೆ ಹಿಡಿದು ಉಳಿದ ಸಣ್ಣ ರೋಮ ಸುಡುತ್ತಿದ್ದ. ಗಾಳಿ ನಮ್ಮ ಕಡೆಗೇ ಬೀಸುತ್ತಿತ್ತು. ಮೀನು ಮಾರುವ ಸಾಲಿನಲ್ಲಿದ್ದ ಹೆಂಗಸರೆಲ್ಲ ಸೆರಗು ಮೂಗಿಗೆ ಒತ್ತಿಕೊಂಡು ಅವನಿಗೆ ಬೈದರು. ನಾನೊಬ್ಬಳು ಮಾತ್ರ ಮೂಗರಳಿಸಿ ಕೂತೆ. ಸುಟ್ಟ ಕೂದಲಿನ ವಾಸನೆಗೆ ಖುಷಿಪಡುವ ಹೆಂಗಸು ಈ ಕರಾವಳಿಯಲ್ಲಿ ಇನ್ನೊಬ್ಬಳಿದ್ದಾಳೋ ಇಲ್ಲವೋ ಗೊತ್ತಿಲ್ಲ ಮಾರಾಯ್ರೆ, ನನಗಂತೂ ಆ ವಾಸನೆ ಬಂದರೆ ಎದೆ ಡವಡವ ಹೊಡೆದುಕೊಳ್ಳುತ್ತದೆ. ಹೆದರಿಕೆಗಲ್ಲ, ಸಂಭ್ರಮಕ್ಕೆ. ಬ್ರಹ್ಮಾವರದ ಆ ಸಣ್ಣ ಕೋಣೆ, ಕಣ್ಣಿಗೆ ಹಾಕಿದ ಕಪ್ಪು ಕನ್ನಡಕ, ಕೆನ್ನೆಯ ಮೇಲೆ ಚಟ್ ಚಟ್ ಎನ್ನುವ ಲೇಸರ್ ಮೆಷಿನ್ನು, ಮಂಚದ ಬುಡದಲ್ಲಿ ಕೂತು ನನಗಿಂತ ಜೋರಾಗಿ ಉಸಿರು ಬಿಡುತ್ತಿದ್ದ ಪಾರ್ಲರ್ ಅಕ್ಕ...

ನಾನು ಹುಟ್ಟಿದಾಗ ಗಂಡು ಮಗು ಎಂದು ಮನೆಯವರು ಸಕ್ಕರೆ ಹಂಚಿದ್ದರಂತೆ. ಅದು ಹಾಗಲ್ಲ ಎಂದು ನನಗೆ ತಿಳಿದದ್ದು, ತಿಳಿದದ್ದನ್ನು ಅಮ್ಮನಿಗೆ ಹೇಳಿದ್ದು, ಅಮ್ಮ ಒಂದು ವರ್ಷ ಅತ್ತು ಆಮೇಲೆ ಅಳುವುದೂ ಸಾಕಾಗಿ ತನ್ನ ಕಪಾಟಿನಿಂದ ಎರಡು ಸೀರೆ ತೆಗೆದು ಕೊಟ್ಟದ್ದು, ಅದೆಲ್ಲ ಬೇರೆಯೇ ಕಥೆ. ಸೀರೆ ಉಟ್ಟಾಯಿತು, ಚೂಡಿದಾರ ಹೊಲಿಸಿಯಾಯಿತು, ಜಡೆ ಬಂತು. ಗಡ್ಡ ಮಾತ್ರ ಹೋಗಲಿಲ್ಲ. ಹದಿನೇಳಕ್ಕೇ ದಟ್ಟವಾಗಿ ಬಂದ ಗಡ್ಡ ಅದು. ಬೆಳಿಗ್ಗೆ ಹೆರೆದರೆ ಮಧ್ಯಾಹ್ನಕ್ಕೆ ಗಲ್ಲ ನೀಲಿ. ಕನ್ನಡಿ ಮುಂದೆ ಬ್ಲೇಡು ಹಿಡಿದು ನಿಂತಾಗಲೆಲ್ಲ ಯಾರೋ ನನ್ನನ್ನು ಎಳೆದು ತಂದು ಗಂಡಸರ ಸಾಲಿನಲ್ಲಿ ನಿಲ್ಲಿಸಿದ ಹಾಗೆ ಆಗುತ್ತಿತ್ತು. ಯಾರ ಜೊತೆ ಮಾತಾಡುವಾಗಲೂ ದುಪ್ಪಟ್ಟಾದ ತುದಿಯನ್ನು ಗಲ್ಲಕ್ಕೆ ಒತ್ತಿ ಹಿಡಿದೇ ಮಾತಾಡುತ್ತಿದ್ದೆ.

ಕುಂದಾಪುರದ ಹಳೇ ಬಸ್ ಸ್ಟ್ಯಾಂಡಿನ ಹತ್ತಿರ ಒಂದು ಮಹಡಿ. ಕೆಳಗೆ ಗಂಡಸರ ಸೆಲೂನು, ಮೇಲೆ ಪಾರ್ಲರು. ಮೆಟ್ಟಿಲಿನ ಬುಡದಲ್ಲೇ ‘ಮಹಿಳೆಯರಿಗೆ ಮಾತ್ರ’ ಎಂದು ಬೋರ್ಡು. ಆ ಬೋರ್ಡಿನ ಮುಂದೆ ನಾನು ಎಷ್ಟು ಸಲ ಹಾದುಹೋಗಿದ್ದೇನೋ ಲೆಕ್ಕವಿಲ್ಲ. ಕೊನೆಗೊಂದು ದಿನ ಕಣ್ಣು ಮುಚ್ಚಿ ಹತ್ತಿಬಿಟ್ಟೆ. ಒಳಗೆ ಹೋದರೆ ಏನು ಹೇಳಬೇಕು, ಹೇಗೆ ಹೇಳಬೇಕು, ಬೈದರೆ ಯಾವ ಮುಖ ಹೊತ್ತು ಇಳಿಯಬೇಕು ಎಂದು ಬಸ್ಸಿನಲ್ಲಿ ಉದ್ದಕ್ಕೂ ಬಾಯಿಪಾಠ ಮಾಡಿಕೊಂಡಿದ್ದೆ.

ಅಕ್ಕ ಯಾರದ್ದೋ ಹುಬ್ಬು ತೆಗೆಯುತ್ತಿದ್ದಳು. ದಾರದ ಒಂದು ತುದಿ ಅವಳ ಹಲ್ಲಿನಲ್ಲಿ, ಇನ್ನೊಂದು ತುದಿ ಬೆರಳುಗಳಲ್ಲಿ. ಕೂತವಳು ಎದ್ದು ಹೋಗುವವರೆಗೂ ನನ್ನನ್ನು ಕಣ್ಣಲ್ಲೇ ಕೂರಿಸಿದಳು. ಆಮೇಲೆ ಬಾಯಿಂದ ದಾರ ತೆಗೆದು, ನನ್ನ ದುಪ್ಪಟ್ಟಾವನ್ನು ಒಂದು ಬೆರಳಿನಿಂದ ಸರಿಸಿ, ಗಲ್ಲ ಹಿಡಿದು ಕಿಟಕಿಯ ಬೆಳಕಿಗೆ ತಿರುಗಿಸಿದಳು.

“ಬರೀ ಹುಬ್ಬಾ, ಮುಖ ಪೂರ್ತಿಯಾ?”

ಅಷ್ಟೇ. ಬಾಯಿಪಾಠ ಮಾಡಿದ್ದೆಲ್ಲ ದಂಡವಾಯಿತು. ‘ಪೂರ್ತಿ’ ಅಂದೆ. ಹೇಳುವಾಗಲೇ ಕಣ್ಣು ತುಂಬಿತ್ತು, ಆದರೆ ಅದನ್ನು ಮುಚ್ಚಿಡುವ ಅಗತ್ಯ ಬೀಳಲಿಲ್ಲ. ಯಾಕೆಂದರೆ ಗಡ್ಡದ ಕೂದಲನ್ನು ದಾರದಿಂದ ಕೀಳಿಸಿಕೊಂಡವರಿಗೆ ಗೊತ್ತು, ಅಲ್ಲಿ ಅಳದೆ ಇರುವವರು ಯಾರೂ ಇಲ್ಲ!

ಅಕ್ಕ ಮುಂಬೈಯಲ್ಲಿ ಹತ್ತಾರು ವರ್ಷ ಪಾರ್ಲರಿನಲ್ಲಿ ಕೆಲಸ ಮಾಡಿ ಊರಿಗೆ ಬಂದವಳು. ಮೂಲದಲ್ಲಿ ಕೊಕ್ಕರ್ಣೆಯ ಕಡೆಯವಳು, ಅಲ್ಲಿ ಅವಳ ತಂಗಿಯ ಮನೆ. ನನ್ನಂಥವರು ಮುಂಬೈಯ ಪಾರ್ಲರಿಗೆ ತುಂಬ ಜನ ಬರುತ್ತಿದ್ದರು ಎಂದು ಒಮ್ಮೆ ಹೇಳಿದಳು, ಮತ್ತೆ ಆ ಮಾತು ಎತ್ತಲಿಲ್ಲ. ಬಾಯಲ್ಲಿ ದಾರ ಇಲ್ಲದಾಗ ಅವಳ ಮಾತು ನಿಲ್ಲುತ್ತಿರಲಿಲ್ಲ. ಬಸ್ಸು, ಮೀನಿನ ರೇಟು, ಪಕ್ಕದ ಮನೆಯ ಮದುವೆ, ಹಿಂದಿಯಲ್ಲಿ ಎರಡು ಬೈಗುಳ, ಎಲ್ಲ ಸೇರಿ ಒಂದೇ ಉಸಿರಿಗೆ. ದಾರ ಬಾಯಿಗೆ ಹೋದರೆ ಸಾಕು, ದೇವರ ಕೋಣೆಯ ಹಾಗೆ ನಿಶ್ಶಬ್ದ. ತನ್ನ ದಾರದ ಬಗ್ಗೆ ಅವಳಿಗೆ ವಿಪರೀತ ಜಂಬ. ತನ್ನ ಕೈಯಲ್ಲಿ ಸಿಕ್ಕಿ ಉಳಿದ ಕೂದಲು ಕುಂದಾಪುರದಲ್ಲಿ ಇಲ್ಲ ಎನ್ನುತ್ತಿದ್ದಳು. ನಿಜವೇ. ಅವಳು ಮುಗಿಸಿದ ಮೇಲೆ ವಾರವಿಡೀ ನನ್ನ ಕೈ ಕೆನ್ನೆ ಬಿಟ್ಟು ಇಳಿಯುತ್ತಿರಲಿಲ್ಲ. ಆದರೆ ವಾರ ಕಳೆದರೆ ಮತ್ತೆ ಶುರು.

ಹೀಗೆ ಒಂದು ವರ್ಷ ನಡೆಯಿತು. ಆಗಲೇ ಮನೆಯಲ್ಲಿ ಒಂದು ದೊಡ್ಡ ಮಾತು ಬಂದದ್ದು. ನಮ್ಮಲ್ಲಿ ಕಡಲಿಗೆ ಇಳಿಯುವುದು ಗಂಡಸರ ಕೆಲಸ, ತಂದ ಮೀನನ್ನು ಮಾರುವುದು ಹೆಂಗಸರ ಕೆಲಸ. ಮಾರ್ಕೆಟ್ಟಿನ ಸಾಲಿನಲ್ಲಿ ಅಮ್ಮನಿಗೆ ಒಂದು ಜಾಗವಿತ್ತು, ಅಜ್ಜಿಯಿಂದ ಬಂದದ್ದು. ಆ ಜಾಗಕ್ಕೆ ಕಾಗದವೂ ಇಲ್ಲ, ಗೆರೆಯೂ ಇಲ್ಲ. ಕೂತವಳದ್ದೇ ಜಾಗ. ಮಳೆಗಾಲದಲ್ಲಿ ಎರಡು ತಿಂಗಳು ದೊಡ್ಡ ಬೋಟುಗಳು ಕಡಲಿಗೆ ಇಳಿಯುವುದಿಲ್ಲ. ಅದು ಮುಗಿದು ಹೊಸ ಮೀನು ಬಂದ ದಿನ ಯಾರ ಜಾಗ ಖಾಲಿ ಕಾಣುತ್ತದೋ ಅವರ ಎಡಬಲದವರು ಮೆಲ್ಲಗೆ ಸರಿದು ಕೂರುತ್ತಾರೆ, ಆಮೇಲೆ ಕೇಳಿದರೆ ಸಿಗುವುದು ಜಗಳ ಮಾತ್ರ. ಅಮ್ಮನ ಮೊಣಕಾಲು ಹೋಗಿತ್ತು. ತನ್ನಿಂದ ಇನ್ನು ನೆಲದಲ್ಲಿ ಕೂರಲು ಆಗುವುದಿಲ್ಲ, ಈ ಮಳೆಗಾಲ ಕಳೆದ ಮೇಲೆ ನೀನು ಕೂರುತ್ತೀಯಾ ಎಂದು ನನ್ನ ಮುಖ ನೋಡದೆ ಕೇಳಿದಳು.

ಕೂರುತ್ತೀಯಾ ಎಂದರೆ! ಹೆಂಗಸರ ಸಾಲಿನಲ್ಲಿ, ಅಮ್ಮನ ಜಾಗದಲ್ಲಿ! ನನಗೆ ಆ ರಾತ್ರಿ ಊಟ ಸೇರಲಿಲ್ಲ. ಆದರೆ ಅಲ್ಲಿ ಕೂರುವುದೆಂದರೆ ಪೂರ್ತಿ ಹಗಲಿನಲ್ಲಿ, ಎರಡೂ ಕೈಯಲ್ಲಿ ಮೀನು ಹಿಡಿದು, ಗಿರಾಕಿಯ ಕಣ್ಣಿಗೆ ಕಣ್ಣು ಕೊಟ್ಟು ಕೂರುವುದು. ದುಪ್ಪಟ್ಟಾ ಹಿಡಿಯಲು ಮೂರನೇ ಕೈ ಎಲ್ಲಿಂದ ತರಲಿ?

ಅಕ್ಕನಿಗೆ ಹೇಳಿದೆ. ಅವಳು ಸ್ವಲ್ಪ ಹೊತ್ತು ದಾರ ಸುತ್ತುತ್ತಾ ಕೂತಳು. ಆಮೇಲೆ ತನ್ನ ಬಾಯಿಂದಲೇ ತನ್ನ ವ್ಯಾಪಾರಕ್ಕೆ ಕಲ್ಲು ಹಾಕಿಕೊಂಡಳು. ದಾರದಿಂದ ಇದು ಮುಗಿಯುವುದಿಲ್ಲ, ಲೇಸರ್ ಆಗಬೇಕು, ಬ್ರಹ್ಮಾವರದಲ್ಲಿ ಒಬ್ಬರು ಚರ್ಮದ ಡಾಕ್ಟರಮ್ಮ ಮಾಡುತ್ತಾರಂತೆ ಎಂದು ನಂಬರು ಕೊಟ್ಟಳು. ನಾನು ಫೋನು ಮಾಡಿ ದಿನ ಗೊತ್ತು ಮಾಡಿಕೊಂಡೆ. ಜೂನಿನಲ್ಲಿ ಒಂದು ಸಲ, ಜುಲೈಯಲ್ಲಿ ಒಂದು ಸಲ. ಮಳೆಗಾಲದಲ್ಲಿ ಬಿಸಿಲೂ ಇಲ್ಲ, ಲೇಸರಿಗೆ ಬಿಸಿಲು ಆಗದು. ಎರಡು ಸಲ ಆದರೂ ಸಾಕು, ಬೋಟು ಇಳಿಯುವಷ್ಟರಲ್ಲಿ ಮುಖ ಒಂದು ಹದಕ್ಕೆ ಬರುತ್ತದೆ ಎಂದು ಕ್ಯಾಲೆಂಡರಿನ ಮುಂದೆ ನಿಂತು ದಿನಕ್ಕೆ ನಾಲ್ಕು ಸಲ ಎಣಿಸುತ್ತಿದ್ದೆ.

ಫೋನಿನಲ್ಲಿ ಒಂದು ಮಾತು ಹೇಳಿದ್ದರು: ಹಿಂದಿನ ದಿನ ಶೇವ್ ಮಾಡಿಕೊಂಡು ಬನ್ನಿ. ನಾನದನ್ನು ಅಕ್ಕನಿಗೆ ಹೇಳಿದ್ದೇ ತಡ, ಅವಳ ಪಿತ್ತ ನೆತ್ತಿಗೇರಿತು. ಫೋನಿನಲ್ಲಿ ನನ್ನ ಧ್ವನಿ ಕೇಳಿ ಯಾರೋ ಗಂಡಸು ಅಂದುಕೊಂಡಿದ್ದಾರೆ, ಗಂಡಸರಿಗೆ ಹೇಳುವುದನ್ನೇ ನನಗೂ ಹೇಳಿದ್ದಾರೆ ಎಂದು ಅವಳು ತೀರ್ಮಾನ ಮಾಡಿಬಿಟ್ಟಳು.

“ಹೆಂಗ್ಸ್ರ್ ಮುಖಕ್ಕೆ ಬ್ಲೇಡಾ? ಅದ್ ಗಂಡ್ಸ್ರಿಗೆ ಹೇಳುದ್, ನಿಂಗಲ್ಲ. ಕೂಕೋ.”

ಎರಡು ಗಂಟೆ ಹೊತ್ತು ಕಿತ್ತಳು. ಗಲ್ಲ, ಮೇಲ್ತುಟಿ, ಕಿವಿಯ ಬುಡ, ಕುತ್ತಿಗೆ, ಒಂದು ಎಳೆ ಬಿಡಲಿಲ್ಲ. ಡಾಕ್ಟರಮ್ಮ ನೋಡಲಿ, ಕುಂದಾಪುರದಲ್ಲಿ ಕೆಲಸ ಹೇಗೆ ಮಾಡುತ್ತಾರೆ ಎಂದು ತಿಳಿಯಲಿ ಎಂಬ ಹಟ ಅವಳದ್ದು. ನಾನು ಬೇಡ ಅನ್ನಲಿಲ್ಲ. ಹೇಗೆ ಅನ್ನಲಿ? ನನ್ನ ಇಡೀ ಜೀವಮಾನದಲ್ಲಿ ಯಾರಾದರೂ ನಾನು ಹೆಂಗಸು ಎಂಬ ಕಾರಣಕ್ಕೆ ಇನ್ನೊಬ್ಬರ ಮೇಲೆ ಸಿಟ್ಟು ಮಾಡಿಕೊಂಡದ್ದು ಅದೇ ಮೊದಲು.

ಮರುದಿನ ಅಕ್ಕ ಪಾರ್ಲರಿಗೆ ಬೀಗ ಹಾಕಿ, ಒಳ್ಳೆಯ ಸೀರೆ ಉಟ್ಟು, ನನ್ನ ಜೊತೆ ಬ್ರಹ್ಮಾವರದ ಬಸ್ಸು ಹತ್ತಿದಳು. ದಾರಿಯುದ್ದಕ್ಕೂ ಇಬ್ಬರಿಗೂ ಮಾತೋ ಮಾತು. ಡಾಕ್ಟರಮ್ಮ ದೀಪ ಹಿಡಿದು ನನ್ನ ಕೆನ್ನೆಯನ್ನು ಹತ್ತಿರದಿಂದ ನೋಡಿದರು. ಇದು ಯಾರು ಮಾಡಿದ್ದು ಎಂದು ಕೇಳಿದರು. ಅಕ್ಕ ಎದೆಯುಬ್ಬಿಸಿ, ತಾನೇ ಎಂದಳು.

“ಕೆಲಸ ತುಂಬ ಚೆನ್ನಾಗಿದೆ,” ಅಂದರು ಡಾಕ್ಟರಮ್ಮ. “ತೊಂದರೆಯೂ ಅದೇ.”

ಆಮೇಲೆ ಸಮಾಧಾನವಾಗಿ ವಿವರಿಸಿದರು. ಲೇಸರಿನ ಬೆಳಕು ಕೂದಲಿನ ಕಪ್ಪನ್ನು ಹಿಡಿದು ಬುಡಕ್ಕೆ ಇಳಿಯುತ್ತದೆ. ಹೆರೆದರೆ ಮೇಲಿನದಷ್ಟೇ ಹೋಗುತ್ತದೆ, ಚರ್ಮದ ಒಳಗಿನದು ಇರುತ್ತದೆ, ಅದು ಬೇಕು. ದಾರದಲ್ಲಿ ಬುಡಸಮೇತ ಬಂದುಬಿಟ್ಟಿದೆ, ಈಗ ಬೆಳಕಿಗೆ ಹಿಡಿಯಲು ಒಳಗೆ ಏನೂ ಇಲ್ಲ. ಆರು ವಾರ ಬಿಟ್ಟು ಬನ್ನಿ, ಅಲ್ಲಿಯವರೆಗೆ ದಾರ ಬೇಡ, ವ್ಯಾಕ್ಸ್ ಬೇಡ, ಶೇವ್ ಮಾತ್ರ.

ಆರು ವಾರ. ಎಣಿಸಿದ ಎರಡು ಸಲದಲ್ಲಿ ಒಂದು ಹೋಯಿತು. ಬ್ರಹ್ಮಾವರದಿಂದ ಕುಂದಾಪುರದವರೆಗೆ ಅಕ್ಕ ಒಂದೇ ಒಂದು ಮಾತಾಡಲಿಲ್ಲ. ಬಾಯಲ್ಲಿ ದಾರವಿಲ್ಲದೆ ಅವಳು ಅಷ್ಟು ಸುಮ್ಮನಿದ್ದದ್ದನ್ನು ನಾನು ಕಂಡಿರಲಿಲ್ಲ. ಸಿಟ್ಟು ಬಂತಾ ಎಂದು ಕೇಳಿದರೆ, ಬಂತು, ಸುಳ್ಳು ಯಾಕೆ ಹೇಳಲಿ. ಆದರೆ ಅವಳ ಮೇಲೆ ಬರಲಿಲ್ಲ. ಬಸ್ ಸ್ಟ್ಯಾಂಡಿನಲ್ಲಿ ಇಳಿದು ಅವಳು ತಿರುಗಿ ನೋಡದೆ ಮೆಟ್ಟಿಲು ಹತ್ತಿದಾಗ, ಓಡಿ ಹೋಗಿ ತಬ್ಬಿಕೊಳ್ಳೋಣ ಅನ್ನಿಸಿತು. ಮಾಡಲಿಲ್ಲ.

ಒಂದು ವಾರಕ್ಕೆ ಗಡ್ಡ ಮೊಳೆಯಿತು. ಶೇವ್ ಮಾತ್ರ ಎಂದಿದ್ದರಲ್ಲ... ಕೈಯಲ್ಲಿ ಬ್ಲೇಡು ಹಿಡಿದರೆ ಕೈ ಏಳಲಿಲ್ಲ. ಒಂದು ವರ್ಷ ಅದನ್ನು ಮುಟ್ಟದೆ ಬದುಕಿದ್ದೆ, ಈಗ ಮತ್ತೆ ಆ ಕನ್ನಡಿ, ಆ ನೊರೆ. ನಾಲ್ಕು ದಿನ ಮನೆ ಬಿಟ್ಟು ಹೊರಬೀಳಲಿಲ್ಲ. ಅಮ್ಮ ಬಾಗಿಲ ಹೊರಗೆ ನಿಂತು, ಬೇಡದಿದ್ದರೆ ಬೇಡ, ಜಾಗ ಹೋದರೆ ಹೋಗಲಿ ಅಂದಳು. ಅಜ್ಜಿಯಿಂದ ಬಂದ ಜಾಗವನ್ನು ನನಗಾಗಿ ಬಿಡಲು ತಯಾರಾಗಿದ್ದಳು. ಅದು ಕೇಳಿ ನನಗೆ ಇನ್ನಷ್ಟು ಅಳು ಬಂತು.

ಐದನೇ ದಿನ ಅಕ್ಕನ ಫೋನು. ಬಾ, ಅಷ್ಟೇ. ಮುಖಕ್ಕೆ ಶಾಲು ಸುತ್ತಿಕೊಂಡು ಹೋದೆ. ಕೆಳಗಿನ ಸೆಲೂನಿನ ಅಣ್ಣ ಬಾಗಿಲಲ್ಲಿ ನಿಂತಿದ್ದ. ಅವನ ಗಲ್ಲದ ಮೇಲೆ ಎರಡು ಕಡೆ ಹತ್ತಿ ಅಂಟಿಸಿತ್ತು. ನನ್ನನ್ನು ಕಂಡು ನಕ್ಕ. ಏನಾಯಿತಪ್ಪಾ ಇವನಿಗೆ ಎಂದುಕೊಂಡು ಮೇಲೆ ಹೋದೆ. ಪಾರ್ಲರಿನ ಮೇಜಿನ ಮೇಲೆ ಹೊಸ ರೇಜರು, ಬ್ರಶ್ಶು, ಗಾಯಕ್ಕೆ ಉಜ್ಜುವ ಸ್ಫಟಿಕದ ತುಂಡು ಸಾಲಾಗಿ ಇಟ್ಟಿತ್ತು. ಮೂರು ದಿನ ಅಕ್ಕ ಕೆಳಗಿನ ಸೆಲೂನಿನಲ್ಲಿ, ಗಂಡಸರ ನಡುವೆ, ಸ್ಟೂಲು ಹಾಕಿಕೊಂಡು ಕೂತು ಶೇವ್ ಮಾಡುವುದು ಕಲಿತಿದ್ದಳು. ಕಲಿಯಲು ಆ ಪುಣ್ಯಾತ್ಮ ತನ್ನ ಕೆನ್ನೆಯನ್ನೇ ಕೊಟ್ಟಿದ್ದ! ಬಿಸಿ ಟವೆಲ್ಲು ಹಿಂಡುತ್ತಾ ಅಕ್ಕ ನನ್ನನ್ನು ನೋಡದೆ ಹೇಳಿದಳು.

“ನೀನ್ ಮಾಡ್ಕಂಡ್ರೆ ಅದ್ ಗಂಡ್ಸ್ರ್ ಕೆಲ್ಸ ಅಂದೇಳಿ ಕಾಣತ್ತ್ ನಿಂಗೆ. ನಾನ್ ಮಾಡ್ರೆ ಅದ್ ಪಾರ್ಲರ್ ಕೆಲ್ಸ. ಕೂಕೋ ಹೆಣೆ.”

ಕೂತೆ. ಹೆಣ್ಣೇ ಎಂದು ಕರೆದರೆ ಕೂರದೆ ಇರಲಾಗುತ್ತದೆಯೇ! ಬಿಸಿ ಟವೆಲ್ಲು, ಆಮೇಲೆ ನೊರೆ, ಕೊನೆಗೆ ಗುಲಾಬಿ ನೀರು. ಮೊದಲ ದಿನ ಎರಡು ಕಡೆ ಗಾಯ ಮಾಡಿದಳು, ಮಾಡಿ ತನಗೇ ಹಿಂದಿಯಲ್ಲಿ ಬೈದುಕೊಂಡಳು. ನಾನು ಕಣ್ಣು ಮುಚ್ಚಿ ಕೂತು ನಗುತ್ತಿದ್ದೆ. ಅದೇ ಬ್ಲೇಡು, ಅದೇ ಶಬ್ದ, ಆದರೆ ನನ್ನನ್ನು ಯಾವ ಸಾಲಿಗೂ ಯಾರೂ ಎಳೆದುಕೊಂಡು ಹೋಗಲಿಲ್ಲ. ಆ ಮಳೆಗಾಲವಿಡೀ ಎರಡು ದಿನಕ್ಕೊಮ್ಮೆ ಉಪ್ಪುಂದದಿಂದ ಕುಂದಾಪುರಕ್ಕೆ ಬಸ್ಸು ಹತ್ತಿದೆ. ಕಂಡಕ್ಟರನಿಗೆ ನನ್ನ ಟಿಕೇಟು ಕೇಳದೆಯೇ ಗೊತ್ತಿರುತ್ತಿತ್ತು.

ಜುಲೈ ಮಧ್ಯದ ಮೇಲೆ ಲೇಸರಿನ ದಿನ ಬಂತು. ತಣ್ಣನೆಯ ಜೆಲ್ಲು ಬಳಿದರು, ಕನ್ನಡಕ ಹಾಕಿದರು. ರಬ್ಬರ್ ಬ್ಯಾಂಡು ಎಳೆದು ಬಿಟ್ಟ ಹಾಗೆ ಒಂದೊಂದೇ ಏಟು. ಮೇಲ್ತುಟಿಗೆ ಬಂದಾಗ ಕಣ್ಣಲ್ಲಿ ನೀರು ತಾನಾಗಿ ಇಳಿಯಿತು. ಆಗ ಬಂತು ನೋಡಿ ಆ ವಾಸನೆ. ಮೂಗು ಸುಡುವ ಹಾಗೆ! ಅಕ್ಕ ಎದ್ದು ಬಂದು ನನ್ನ ಕಾಲು ಹಿಡಿದುಕೊಂಡು, ಹೋಗ್ತಾ ಇದೆ, ಹೋಗ್ತಾ ಇದೆ ಎಂದು ಜಪ ಮಾಡಿದ ಹಾಗೆ ಹೇಳುತ್ತಿದ್ದಳು. ಡಾಕ್ಟರಮ್ಮನಿಗೂ ನಗು ತಡೆಯಲಾಗಲಿಲ್ಲ.

ಎರಡು ವಾರದೊಳಗೆ ಉದುರಲು ಶುರುವಾಗುತ್ತದೆ ಎಂದಿದ್ದರು. ಹತ್ತು ದಿನ ಏನೂ ಇಲ್ಲ. ಹನ್ನೊಂದನೇ ದಿನ ಸ್ನಾನ ಮಾಡಿ ಮುಖ ಒರೆಸಿದೆ. ಬಿಳೀ ಟವೆಲ್ಲಿನ ತುಂಬ ಕಾಳುಮೆಣಸಿನ ಪುಡಿ ಚೆಲ್ಲಿದ ಹಾಗೆ ಕಪ್ಪು ಕಪ್ಪು. ಇನ್ನೊಮ್ಮೆ ಉಜ್ಜಿದೆ, ಇನ್ನಷ್ಟು. ನಾನು ಕಿರುಚಿದ ಕಿರುಚಾಟಕ್ಕೆ ಅಮ್ಮ ಮೊಣಕಾಲು ಮರೆತು ಓಡಿ ಬಂದಳು, ಹಾವೋ ಏನೋ ಎಂದುಕೊಂಡು. ಟವೆಲ್ಲು ತೋರಿಸಿದೆ. ಅಮ್ಮ ಟವೆಲ್ಲು ನೋಡಿದಳು, ನನ್ನನ್ನು ನೋಡಿದಳು. ಮೀನು ಹಿಡಿದು ಹಿಡಿದು ಒರಟಾದ ಬೆರಳನ್ನು ಮಡಚಿ, ಬೆರಳ ಹಿಂಬದಿಯಿಂದ ನನ್ನ ಕೆನ್ನೆ ಮುಟ್ಟಿದಳು.

“ಇನ್ ಕೂಕಂಬ್ಲಕ್ಕ್ ಮಗಾ,” ಅಂದಳು. ಕೂರಬಹುದು, ಸಾಲಿನಲ್ಲಿ!

ಪೂರ್ತಿ ಹೋಗಿರಲಿಲ್ಲ. ಕೆನ್ನೆಯಲ್ಲಿ ಅರ್ಧಕ್ಕರ್ಧ ಬಯಲು, ಗಲ್ಲ ಮತ್ತು ಮೇಲ್ತುಟಿ ಇನ್ನೂ ಗಟ್ಟಿ. ಹೊಸ ಮೀನು ಬಂದ ದಿನ ಬೆಳಿಗ್ಗೆ ಮೊದಲ ಬಸ್ಸಿಗೆ ಅಕ್ಕ ನಮ್ಮ ಮನೆಯಲ್ಲಿದ್ದಳು, ಒಂದು ಕೈಯಲ್ಲಿ ರೇಜರಿನ ಚೀಲ, ಇನ್ನೊಂದರಲ್ಲಿ ಒಂದು ದೊಡ್ಡ ಕೊಡೆ. ಅಂಗಳದ ಬೆಳಕಿಗೆ ನನ್ನನ್ನು ಕೂರಿಸಿ ಮುಖ ಮಾಡಿದಳು. ಅಮ್ಮ ಬಿಸಿನೀರು ಹಿಡಿದು ನಿಂತಿದ್ದಳು. ಮುಗಿದ ಮೇಲೆ ಅಕ್ಕ ನನ್ನ ದುಪ್ಪಟ್ಟಾ ಎಳೆದು ತೆಗೆದು ಮಡಚಿ ತನ್ನ ಚೀಲಕ್ಕೆ ಹಾಕಿಕೊಂಡಳು. ವಾಪಸು ಕೊಡಲೂ ಇಲ್ಲ, ನಾನು ಕೇಳಲೂ ಇಲ್ಲ.

ಸಾಲಿನಲ್ಲಿ ಕೂತೆ. ಬೈಗೆ, ಬಂಗುಡೆ ಮೀನು ಬುಟ್ಟಿಯಲ್ಲಿ ಹೊಳೆಯುತ್ತಿತ್ತು. ಅಕ್ಕ ಹಿಂದೆ ನಿಂತು ಬಿಸಿಲು ತಾಗದ ಹಾಗೆ ಕೊಡೆ ಹಿಡಿದಿದ್ದಳು, ಯಾರೋ ಮಹಾರಾಣಿಗೆ ಹಿಡಿದ ಹಾಗೆ. ಸಾಲಿನವರು ನೋಡಿದರು, ತಮ್ಮೊಳಗೆ ಏನೋ ಹೇಳಿಕೊಂಡರು. ಒಬ್ಬಳು ಗಿರಾಕಿ ಬಂದು ರೇಟು ಕೇಳಿದಳು, ಚೌಕಾಸಿ ಮಾಡಿದಳು, ತೆಗೆದುಕೊಂಡು ಹೋದಳು. ಇನ್ನೊಬ್ಬಳು ಬಂದಳು. ಒಂದು ಗಂಟೆ ಆಗಿರಬಹುದು, ಪಕ್ಕದಲ್ಲಿ ಕೂತಿದ್ದ ಹಿರಿಯ ಹೆಂಗಸು, ಮೂವತ್ತು ವರ್ಷ ಅಮ್ಮನ ಜೊತೆ ಜಾಗಕ್ಕೆ ಜಗಳವಾಡಿದವಳು, ನನ್ನ ಬುಟ್ಟಿಗೆ ಕೈ ಹಾಕಿ ತಳ್ಳಿದಳು.

“ಬುಟ್ಟಿ ಆಚಿ ಸರ್ಸ್ ಹೆಣೆ. ನಿನ್ನಮ್ಮಂಗೂ ಇದೇ ಬುದ್ಧಿ ಇದ್ದಿತ್.”

ಆಹಾ, ಆ ಜಗಳದ ಸುಖವೇ! ನಾನು ಸರಿಸಲಿಲ್ಲ. ಇದು ನಮ್ಮ ಜಾಗ, ಬೇಕಾದರೆ ನೀವೇ ಸರಿಯಿರಿ ಎಂದು ಅಮ್ಮನ ಧಾಟಿಯಲ್ಲೇ ಹೇಳಿದೆ. ಅವಳು ಬೈದಳು, ನಾನೂ ಬೈದೆ. ಹಿಂದೆ ತಿರುಗಿ ನೋಡಿದರೆ ಕೊಡೆ ಅಲುಗುತ್ತಿತ್ತು. ಅಕ್ಕ ನಗುತ್ತಿದ್ದಳೋ ಅಳುತ್ತಿದ್ದಳೋ, ಕೊಡೆಯನ್ನು ಮುಖಕ್ಕೆ ಅಡ್ಡ ಮಾಡಿಕೊಂಡಿದ್ದಳು.

ಆಮೇಲೆ ಎರಡು ವರ್ಷ ನಡೆಯಿತು. ಲೇಸರ್ ಒಂದಾದ ಮೇಲೊಂದು, ಕೊನೆಗೆ ಉಳಿದ ಚೂರುಪಾರು ಕೂದಲಿಗೆ ಕರೆಂಟಿನ ಸೂಜಿ. ನಡುವೆ ಶೇವ್ ಬೇಕಾದಾಗಲೆಲ್ಲ ಅಕ್ಕನ ಕುರ್ಚಿ. ಎರಡು ದಿನಕ್ಕೊಮ್ಮೆ ಇದ್ದದ್ದು ವಾರಕ್ಕೊಮ್ಮೆ ಆಯಿತು, ತಿಂಗಳಿಗೊಮ್ಮೆ ಆಯಿತು. ಹೋಗುವಾಗಲೆಲ್ಲ ಒಂದು ಪೊಟ್ಟಣ ಮೀನು ಒಯ್ಯುತ್ತಿದ್ದೆ, ಅವಳು ಅದರ ತಾಜಾತನದ ಬಗ್ಗೆ ಕೊಂಕು ತೆಗೆಯುತ್ತಿದ್ದಳು. ಒಂದು ಸಂಜೆ ಗಲ್ಲ ಹಿಡಿದು ಆಚೀಚೆ ತಿರುಗಿಸಿ ತುಂಬ ಹೊತ್ತು ನೋಡಿದಳು. ರೇಜರನ್ನು ಮೇಜಿನ ಮೇಲೆ ಇಟ್ಟಳು.

“ಇನ್ ಎಂತದೂ ಇಲ್ಲೆ. ಇನ್ ನೀ ಬಪ್ಪುದ್ ಬ್ಯಾಡ.”

ನಾನು ಮೆಟ್ಟಿಲನ್ನು ಎರಡೆರಡಾಗಿ ಹಾರಿ ಇಳಿದೆ. ಸೆಲೂನಿನ ಅಣ್ಣನಿಗೆ ಕೈ ಬೀಸಿದೆ. ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು ಗಾಳಿಗೆ ಮುಖ ಕೊಟ್ಟು ಬಂದೆ. ಅಷ್ಟು ಖುಷಿಯಲ್ಲಿ ಹಿಂದೆ ತಿರುಗಿ ನೋಡಲಿಲ್ಲ. ಆಮೇಲೂ ನೋಡಲಿಲ್ಲ... ಬೆಳಿಗ್ಗೆ ಬಂದರಿಗೆ ಓಡುವುದು, ಹಗಲಿಡೀ ಸಾಲು, ಸಂಜೆ ಅಮ್ಮನ ಮೊಣಕಾಲಿಗೆ ಎಣ್ಣೆ. ಒಳ್ಳೆಯ ಅಂಜಲ್ ಮೀನು ಬಂದಾಗಲೆಲ್ಲ, ಈ ವಾರ ಅಕ್ಕನಿಗೆ ಒಯ್ಯಬೇಕು ಅಂದುಕೊಳ್ಳುತ್ತಿದ್ದೆ. ಅಂಜಲ್ ಮಾರಿಹೋಗುತ್ತಿತ್ತು. ಹೀಗೆ ಒಂದೂವರೆ ವರ್ಷ ಆಯಿತು. ಕುಂದಾಪುರದಿಂದ ಬಂದ ಗಿರಾಕಿಯೊಬ್ಬಳು ಮೀನು ಆರಿಸುತ್ತಾ, ಬಸ್ ಸ್ಟ್ಯಾಂಡಿನ ಹತ್ತಿರದ ಪಾರ್ಲರಿನವಳು ತೀರಿಹೋಗಿ ತಿಂಗಳಾಯಿತು, ಈಗ ಹುಬ್ಬು ತೆಗೆಸಲು ಸರಿಯಾದವರೇ ಇಲ್ಲ ಎಂದಳು. ಎದೆನೋವಂತೆ, ಒಂದೇ ದಿನದ್ದಂತೆ. ನಾನು ಅವಳಿಗೆ ಮೀನು ಕೊಟ್ಟೆನೋ ಇಲ್ಲವೋ ನೆನಪಿಲ್ಲ.

ಕೊಕ್ಕರ್ಣೆಯಲ್ಲಿ ಅಕ್ಕನ ತಂಗಿಯ ಮನೆ ಹುಡುಕಿಕೊಂಡು ಹೋದೆ. ತಂಗಿ ನನ್ನನ್ನು ಎಂದೂ ಕಂಡವಳಲ್ಲ. ಉಪ್ಪುಂದದವಳು, ಮೀನು ಮಾರುವವಳು ಎಂದಾಗ ಅವಳ ಮುಖ ಅರಳಿತು.

“ಅಕ್ಕ ಹೇಳ್ತಿತ್ತ್. ಉಪ್ಪುಂದದ್ ಹುಡ್ಗಿ ಈಗ ಬತ್ತಿಲ್ಲೆ, ಬರ್ದಿದ್ರೇ ನಂಗ್ ಖುಷಿ, ಮುಖ ಸಮಾ ಆಯ್ತ್ ಅಂದೇಳಿ ಅರ್ಥ ಅಂತ.” ಆಮೇಲೆ ಸಂಕೋಚದಿಂದ ಕೇಳಿದಳು, “ನಿಮ್ ಮುಖಕ್ಕೆ ಎಂತ ಆದ್ದ್?”

ಅಂದರೆ ಅಕ್ಕ ಹೇಳಿರಲಿಲ್ಲ. ಒಡಹುಟ್ಟಿದ ತಂಗಿಗೂ ಹೇಳಿರಲಿಲ್ಲ. ಆ ಮನೆಯಲ್ಲಿ ನಾನು ಮೊದಲಿನಿಂದಲೂ ಮುಖಕ್ಕೆ ಏನೋ ಆಗಿ, ಸರಿಯಾಗಿ ಹೋದ ಒಬ್ಬ ಹುಡುಗಿ ಅಷ್ಟೇ. ಮೊಡವೆ ಅಂದಿದ್ದರೆ ಮುಗಿಯುತ್ತಿತ್ತು. ನನಗೆ ಹಾಗೆ ಹೇಳಲು ಮನಸ್ಸು ಬರಲಿಲ್ಲ. ಅಷ್ಟು ಒಳ್ಳೆಯ ಕೆಲಸವನ್ನು ಮೊಡವೆ ಎನ್ನುವುದು ಹೇಗೆ?

“ಗಡ್ಡ ಇದ್ದಿತ್,” ಅಂದೆ. “ತೆಗ್ದದ್ ನಿಮ್ಮಕ್ಕ.”

ತಂಗಿ ಹತ್ತಿರ ಸರಿದು, ಕೇಳದೆಯೇ ನನ್ನ ಗಲ್ಲ ಹಿಡಿದು ಬಾಗಿಲ ಬೆಳಕಿಗೆ ತಿರುಗಿಸಿದಳು. ಎಡಗೆನ್ನೆ, ಬಲಗೆನ್ನೆ, ಮೇಲ್ತುಟಿ ನೋಡಿದಳು. ನಾನು ಕಣ್ಣು ಮುಚ್ಚಿಕೊಂಡೆ.

“ಒಂದೂ ಕಾಣತಿಲ್ಲೆ,” ಅಂದಳು. ಹೇಳುತ್ತಾ ಹೇಳುತ್ತಾ ಅತ್ತುಬಿಟ್ಟಳು.

ಈಗಲೂ ದಿನಾ ಅದೇ ಸಾಲಿನಲ್ಲಿ ಕೂರುತ್ತೇನೆ. ಮುಖ ತೊಳೆದು ಒರೆಸಿ ಹೊರಟರೆ ಆಯಿತು, ಕನ್ನಡಿಯೂ ಬೇಡ. ಬೆಳಿಗ್ಗೆ ಎದ್ದು ಗಲ್ಲ ಮುಟ್ಟಿಕೊಂಡರೆ ಇಂದಿಗೂ ಮೊದಲ ದಿನದ ಹಾಗೆ ಕುಣಿಯುವಷ್ಟು ಖುಷಿಯಾಗುತ್ತದೆ. ಮುಖದಲ್ಲಿ ಏನೂ ಕೆಲಸವಿಲ್ಲದ ಒಂದು ದಿನ, ಅಕ್ಕನನ್ನು ಕಾಣಲಿಕ್ಕೆಂದೇ ಆ ಮೆಟ್ಟಿಲು ಹತ್ತಬಹುದಿತ್ತು. ಒಂದೂವರೆ ವರ್ಷ ಇತ್ತು. ನಾನು ಹತ್ತಲಿಲ್ಲ.